ನೋಯದ ಕಾಲಿಗೆ ಎಣ್ಣೆ

ಹೋದ ವರ್ಷ ದೀಪಾವಳಿ ಕಳೆದ ಮೇಲೂ ಎಷ್ಟೋ ದಿನ ನಮ್ಮ ಆಯಿ, ಅಂದರೆ ಅಮ್ಮ, ಸಂಜೆ ಹೊತ್ತು ತಂಗಿಯ ಬಲಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ತೆಂಗಿನೆಣ್ಣೆಗೆ ಬೆಳ್ಳುಳ್ಳಿ, ಓಮ ಹಾಕಿ ಕಾಯಿಸಿದ ಎಣ್ಣೆ. ಮನೆಯೆಲ್ಲ ಅದೇ ವಾಸನೆ. ತಂಗಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಆಯಿ ಮೀನಖಂಡವನ್ನು ಒತ್ತುತ್ತಾ "ಇಲ್ಲಿ ನೋಯ್ತದಾ? ಇಲ್ಲಿ?" ಎಂದು ಕೇಳಿದರೆ, "ಹಾಂ, ಅಲ್ಲೇ ಸ್ವಲ್ಪ" ಎನ್ನುವಳು.

ಆ ಕಾಲಿಗೆ ಏನೂ ಆಗಿರಲಿಲ್ಲ. ಅದು ಗೊತ್ತಿದ್ದವರು ಮನೆಯಲ್ಲಿ ಇಬ್ಬರೇ, ಅವಳು ಮತ್ತು ನಾನು. ನಾನು ಹೊಸ್ತಿಲ ಹತ್ತಿರ ಕೂತು ಬಲೆಯ ಹರಕನ್ನು ನೋಡುತ್ತಾ ಇರುತ್ತಿದ್ದೆ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ದೋಣಿ ಹತ್ತಿದವನು. ಹೊನ್ನಾವರದ ಬಂದರಿನಿಂದ ಹೊರಡುವ ಮೀನಿನ ದೋಣಿಯಲ್ಲಿ ಈಗಲೂ ಕೆಲಸ. ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಹೇಳಬೇಕಾದವರಿಗೆಲ್ಲ ಬಾಯಲ್ಲಿ ಹೇಳಿ ಮುಗಿಸಿದ ಮೇಲೂ ಮನಸ್ಸು ಖಾಲಿಯಾಗಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ತಂಗಿ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ ಬರುವ ಗಾಡಿ ಅವಳದ್ದು. ನಿಂತು ನಿಂತು ಕಾಲು ಬಾತುಕೊಳ್ಳುತ್ತದೆ ಎಂದು ಡಾಕ್ಟರಿಗೆ ತೋರಿಸಿದಾಗ ಅವರು ದಿನಾ ಬೆಳಿಗ್ಗೆ ನಡೆಯಲು ಹೇಳಿದರು. ನಡೆಯುವುದೆಂದರೆ ಅವಳಿಗೆ ಬೇಜಾರು. ವಾರ ಕಳೆಯುವುದರೊಳಗೆ ಓಡತೊಡಗಿದಳು. ಸಮುದ್ರ ಇಳಿತದಲ್ಲಿದ್ದಾಗ ದಂಡೆಯ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಕಾಲು ಹೂತುಹೋಗುವುದಿಲ್ಲ. "ಅಣ್ಣಾ, ನಾಳೆ ಇಳಿತ ಯಾವಾಗ?" ಎಂದು ನನ್ನನ್ನು ಕೇಳಿಕೊಂಡು ಮಲಗುವಳು. ಅವಳ ಓಟಕ್ಕೆ ನಾನು ಮಾಡಿದ ಸಹಾಯ ಎಂದರೆ ಅಷ್ಟೇ.

ಮೊದಮೊದಲು ಜನ ನಕ್ಕರು. ಬೆಳಗಿನ ಹೊತ್ತು ಹೆದ್ದಾರಿಯ ಬದಿಯಲ್ಲಿ ಅವಳು ಓಡುವುದನ್ನು ಕಂಡರೆ ಚಹಾ ಅಂಗಡಿಯವರು, "ಎಂತಾತು ಅಕ್ಕಾ, ಬಸ್ಸು ನಿನ್ನ ಬಿಟ್ಟು ಹೋತಾ?" ಎಂದು ಕೂಗುತ್ತಿದ್ದರು. ಅವಳು ನಿಲ್ಲದೆಯೇ, "ಬಸ್ಸಿಗೆ ಡ್ರೈವರ್ ಇಲ್ಲ, ನೀ ಬತ್ಯಾ?" ಎಂದು ಹೇಳಿ ಮುಂದೆ ಹೋಗುತ್ತಿದ್ದಳು. ರಜೆಯ ದಿನ ಶರಾವತಿಯ ದಂಡೆಯ ರಸ್ತೆ ಹಿಡಿದು ಗೇರುಸೊಪ್ಪದ ಕಡೆಗೆ ಓಡುತ್ತಿದ್ದಳು. ದೋಣಿ ಇಲ್ಲದ ದಿನ ನಾನು ಬೈಕಿನಲ್ಲಿ ನೀರಿನ ಬಾಟ್ಲಿ ಇಟ್ಟುಕೊಂಡು ಹಿಂದೆ ಹೋಗುತ್ತಿದ್ದೆ. ಹಿಂದಿನಿಂದ ನೋಡಿದರೆ ಅವಳ ಓಟದಲ್ಲಿ ಚೆಂದ ಏನೂ ಇಲ್ಲ. ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುವವರ ಹಾಗೆ ಕಾಲು ಸ್ವಲ್ಪ ಅಗಲ ಇಟ್ಟು, ಮೊಣಕೈ ಮಡಚಿ ಓಡುತ್ತಾಳೆ. ಆದರೆ ಹೊರಟಾಗ ಯಾವ ಗತಿಯೋ ಮುಟ್ಟಿದಾಗಲೂ ಅದೇ ಗತಿ. ಏರು ಬಂದರೂ ಬದಲಾಗುವುದಿಲ್ಲ. ನನ್ನ ಬೈಕು ಗೇರು ಬದಲಿಸುತ್ತಿತ್ತು, ಅವಳು ಬದಲಿಸುತ್ತಿರಲಿಲ್ಲ.

ಹಿಮಾಲಯದ ಓಟದ ಸುದ್ದಿ ಬಂದದ್ದು ಬಸ್ಸಿನಲ್ಲೇ. ಯಾಣಕ್ಕೆ ಹೊರಟಿದ್ದ ಗಂಡ ಹೆಂಡತಿ ಯಾವುದೋ ಓಟದ ಅಂಗಿ ಹಾಕಿಕೊಂಡಿದ್ದರಂತೆ. ಟಿಕೆಟು ಕೊಡುತ್ತಾ ಇವಳು ಕೇಳಿದಳು, ಅವರು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಹಿಮಾಚಲದ ಮೇಲ್ಭಾಗದ ಒಂದು ಕಣಿವೆ. ಮಳೆಗಾಲ ಮುಗಿದು ಹಿಮ ಬೀಳುವ ಮೊದಲು, ಮರಗಳೆಲ್ಲ ಹಳದಿಯಾಗುವ ಸಮಯದಲ್ಲಿ ಅಲ್ಲಿ ಮ್ಯಾರಥಾನ್. ಕಣಿವೆಯ ಹಳ್ಳಿಯಿಂದ ಹೊರಟು, ಸುತ್ತುವ ರಸ್ತೆಯಲ್ಲಿ ಬೆಟ್ಟದ ತುದಿಯ ಹಳ್ಳಿಗೆ ಹತ್ತಿ, ಅದೇ ದಾರಿಯಲ್ಲಿ ಇಳಿಯಬೇಕು. ಒಟ್ಟು ನಲವತ್ತೆರಡು ಕಿಲೋಮೀಟರು. ಮನೆಗೆ ಬಂದು ಆ ಚಿತ್ರ ನಮಗೂ ತೋರಿಸಿದಳು. "ಘಟ್ಟವೇ ಅಲ್ದಾ? ದಿನಾ ಹತ್ತಿ ಇಳೀತೆ. ಒಂದ್ಸಲ ನನ್ನ ಕಾಲಲ್ಲೇ ಹತ್ತಿ ಇಳಿಬೇಕು" ಎಂದಳು. ಅವಳು ತನಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಅದಕ್ಕಿಂತ ಮುಂಚೆ ಕೇಳಿರಲಿಲ್ಲ. ಅಪ್ಪ ಹೋದ ಮೇಲೆ ಮನೆಯ ಪಾಲಿಗೆ ಬಂದದ್ದನ್ನೆಲ್ಲ ಹೊತ್ತವಳು ಅವಳು. ಮದುವೆಯ ಮಾತು ಬಂದಾಗ ಮಾತ್ರ "ಡ್ಯೂಟಿ ಅದೆ" ಎಂದು ಎದ್ದುಹೋಗುವಳು.

ಆಯಿ ಒಬ್ಬಳನ್ನೇ ಕಳಿಸಲು ಒಪ್ಪಲಿಲ್ಲ. "ಅಣ್ಣ ಸಂಗ್ತಿಗೆ ಬಂದ್ರೆ ಹೋಗು" ಎಂದಳು. ಬಂಗಡೆ ಬರುವ ದಿನಗಳು ಅವು. ಆ ಹೊತ್ತಿಗೆ ದೋಣಿ ಬಿಡುತ್ತೇನೆ ಎಂದರೆ ತಾಂಡೇಲನಿಗೆ, ಅಂದರೆ ನಮ್ಮ ದೋಣಿ ನಡೆಸುವ ಹಿರಿಯನಿಗೆ, ಸಿಟ್ಟು ಬಂತು. "ತಂಗಿ ಓಡುಕೆ, ನೀ ಎಂತಕ್ಕೆ? ಅವಳ ಚಪ್ಪಲಿ ಕಾಯುಕಾ?" ಎಂದ. ಎಲ್ಲರೂ ನಕ್ಕರು. ನಾನೂ ದೊಡ್ಡದಾಗಿ, "ಅಲ್ಲಿ ಗಾಳಿ ತೆಳುವಂತೆ. ಅವಳು ಬಿದ್ರೆ ಹೊತ್ಕಂಡ್ ಬರುಕೆ ಗಂಡಸು ಬೇಕಲ್ಲ" ಎಂದೆ. ಆ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

ಚಳಿಯ ಬಟ್ಟೆ ತರಲು ಭಟ್ಕಳಕ್ಕೆ ಹೋದೆವು. ಗಲ್ಫಿನ ಸಾಮಾನು ಸಿಗುವ ಬಜಾರಿನಲ್ಲಿ ಬೆಚ್ಚಗಿನ ಜಾಕೀಟು ಕೇಳಿದರೆ ಅಂಗಡಿಯ ಸಾಹೇಬರು ಬೀಸಣಿಗೆ ಬೀಸಿಕೊಳ್ಳುತ್ತಾ, "ಕಾಶ್ಮೀರದವರು ದುಬೈಗೆ ಬಂದು ಶಾಲು ಮಾರ್ತಾರೆ, ನೀವು ಹಿಮಾಲಯಕ್ಕೆ ಹೋಗ್ಲಿಕ್ಕೆ ಭಟ್ಕಳಕ್ಕೆ ಬಂದು ಜಾಕೀಟು ಕೇಳ್ತೀರಲ್ಲ ಭಾಯಿ!" ಎಂದು ನಕ್ಕರು. ಆಮೇಲೆ ಒಳಗಿನಿಂದ ಎರಡು ತಂದರು. ದುಬೈಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವವರು ಹಾಕಿಕೊಳ್ಳುವ ದಪ್ಪ ಜಾಕೀಟು. ತಂಗಿ ಕನ್ನಡಿಯ ಮುಂದೆ ನಿಂತು, "ಅಣ್ಣಾ, ನಾವಿಬ್ರೂ ಐಸಿಗೆ ಹಾಕಿದ ಇಸೋಣ ಮೀನು" ಎಂದಳು.

ರೈಲು, ಮತ್ತೆ ಬಸ್ಸು, ಮತ್ತೆ ಇನ್ನೂ ಸಣ್ಣ ಬಸ್ಸು. ಆ ಕಣಿವೆಗೆ ಮುಟ್ಟಿದಾಗ ನಾವಿಬ್ಬರೂ ಚೀಲ ಕೆಳಗಿಟ್ಟು ತಲೆ ಎತ್ತಿ ನೋಡಿದೆವು. ನಾನು ಹುಟ್ಟಿದಂದಿನಿಂದ ದೂರ ಎಂದರೆ ನೀರು ಎಂದು ತಿಳಿದವನು. ಅಲ್ಲಿ ದೂರ ಎಂದರೆ ಎದ್ದು ನಿಂತಿತ್ತು. ಕಲ್ಲಿನ ಬೆಟ್ಟ, ಅದರ ಹಿಂದೆ ಇನ್ನೂ ಎತ್ತರದ ಬೆಟ್ಟ, ತುದಿಯಲ್ಲಿ ಉಪ್ಪು ಚೆಲ್ಲಿದ ಹಾಗೆ ಹಿಮ. ಕೆಳಗೆ ಹೊಳೆಯ ಉದ್ದಕ್ಕೂ ದೋಣಿಯ ಕಂಬದಂತೆ ನೆಟ್ಟಗೆ ನಿಂತ ಮರಗಳು, ಎಲೆಯೆಲ್ಲ ಅರಿಶಿನದ ಬಣ್ಣ. ಮರದ ಹೆಸರು ಪೋಪ್ಲರ್ ಎಂದು ತಂಗಿ ಕೇಳಿ ತಿಳಿದುಕೊಂಡಳು. ಮನೆಗಳ ಮಾಳಿಗೆಯ ಮೇಲೆ ಹುಲ್ಲು ಒಣಗಿಸಿದ್ದರು. ಗಾಳಿಗೆ ವಾಸನೆಯೇ ಇರಲಿಲ್ಲ. ಎರಡು ದಿನ ಕಳೆದ ಮೇಲೆ ನನ್ನ ಕೈಯಲ್ಲಿ ಮೀನಿನ ವಾಸನೆ ಇಲ್ಲದ್ದು ಗೊತ್ತಾಗಿ ಬೇರೆ ಯಾರದೋ ಕೈ ಎನಿಸಿತು.

ಉಳಿದುಕೊಂಡ ಮನೆಯಲ್ಲಿ ನಮ್ಮ ಊರಿನ ಕುಚ್ಚಲಕ್ಕಿ ಬೇಯಿಸಲು ಇಟ್ಟೆವು. ನೀರು ಕೊತಕೊತ ಕುದಿಯುತ್ತದೆ, ಅಕ್ಕಿ ಮಾತ್ರ ಕಲ್ಲಿನ ಹಾಗೆಯೇ ಇದೆ. ಆ ಎತ್ತರದಲ್ಲಿ ಹಾಗೆಯೇ ಅಂತೆ. ಮನೆಯಾಕೆ ನಮ್ಮನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು ಕುಕ್ಕರು ತಂದುಕೊಟ್ಟಳು.

ನನ್ನ ತಲೆನೋವು ಶುರುವಾದದ್ದು ಮೊದಲ ದಿನವೇ. ಹಣೆಯ ಒಳಗಿನಿಂದ ಯಾರೋ ಬಡಿದ ಹಾಗೆ. ಹೊಟ್ಟೆ ತೊಳಸುತ್ತಿತ್ತು. ಈ ಗುರುತುಗಳು ನನಗೆ ಹೊಸವಲ್ಲ. ದೋಣಿ ಹತ್ತಿದ ಮೊದಲ ವರ್ಷ ಇದೇ ಆಗಿತ್ತು. ನಮ್ಮ ದೋಣಿಗಳಲ್ಲಿ ಒಂದು ಪದ್ಧತಿ ಇದೆ. ತಲೆ ತಿರುಗುತ್ತದೆ ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ವಾಂತಿ ಬಂದರೆ ಬದಿಗೆ ಬಗ್ಗಿ ಮಾಡಿ, ಬಾಯಿ ತೊಳೆದು, ತಿರುಗಿ ಹಗ್ಗ ಹಿಡಿಯಬೇಕು. ಮಲಗಿದವನನ್ನು ಮರುದಿನ ದೋಣಿಗೆ ಕರೆಯುವುದಿಲ್ಲ. ಒಣಮೀನು ಕಚ್ಚಿ, ಗಂಜಿ ಕುಡಿದು, ನೀರು ಆಕಾಶ ಕೂಡುವ ಗೆರೆಯ ಮೇಲೆ ಕಣ್ಣಿಟ್ಟು ಕೆಲಸ ಮಾಡುತ್ತಾ ಇದ್ದರೆ ಸಮುದ್ರ ತಾನಾಗಿ ಬಿಟ್ಟುಬಿಡುತ್ತದೆ. ನನ್ನನ್ನೂ ಹಾಗೆಯೇ ಬಿಟ್ಟಿತ್ತು. ಬೆಟ್ಟವೂ ಹಾಗೆಯೇ ಬಿಡುತ್ತದೆ ಎಂದುಕೊಂಡೆ. ತಂಗಿ ಕಾಣದ ಹಾಗೆ ಮನೆಯ ಹಿಂದೆ ಹೋಗಿ ವಾಂತಿ ಮಾಡಿ ಬಂದು ಒಣಸಿಗಡಿ ಅಗಿಯುತ್ತಾ ಕೂತೆ. ಕಣ್ಣಿಡಲು ಒಂದು ಸಪಾಟು ಗೆರೆ ಹುಡುಕಿದೆ. ಆ ಊರಿನಲ್ಲಿ ಎಲ್ಲೂ ಸಪಾಟು ಗೆರೆ ಇರಲಿಲ್ಲ.

ತಂಗಿಗೆ ಏನೂ ಆಗಲಿಲ್ಲ. ಮೊದಲ ದಿನ ಸ್ವಲ್ಪ ಏದುಸಿರು ಬಂತು, ಅಷ್ಟೇ. ಓದಿ ತಿಳಿದುಕೊಂಡ ಹಾಗೆ ನಿಧಾನ ನಡೆದಳು, ನೀರು ಕುಡಿದಳು. ಮೂರನೆಯ ದಿನ ಮರಗಳ ನಡುವೆ ಅದೇ ಅಗಲಗಾಲಿನ ಓಟ ಓಡಿ ಬಂದಳು.

ಓಟದ ಹಿಂದಿನ ದಿನ ಎಲ್ಲರ ತಪಾಸಣೆ. ಓಡುವವರ ಜೊತೆಗೆ ಒಬ್ಬರು ಗಾಡಿಯಲ್ಲಿ ಮೇಲಿನ ಹಳ್ಳಿಗೆ ಹೋಗಿ ತಮ್ಮವರಿಗೆ ತಿನ್ನಲು ಕುಡಿಯಲು ಕೊಡಬಹುದಿತ್ತು. ಹಾಗೆ ಹೋಗುವವರನ್ನೂ ಡಾಕ್ಟರು ವಿಚಾರಿಸಿದರು. ಹಿಂದಿಯಲ್ಲಿ ಕೇಳಿದರು, ತಲೆನೋವು ಇದೆಯಾ? ಇಲ್ಲ ಎಂದೆ. ವಾಂತಿ? ಇಲ್ಲ. ನಿದ್ದೆ ಬಂತಾ? ಬಂತು. ಮೂರೂ ಸುಳ್ಳು. ಪಕ್ಕದಲ್ಲಿ ನಿಂತಿದ್ದ ತಂಗಿ ತನ್ನ ಬಸ್ಸಿನ ಹಿಂದಿಯಲ್ಲಿ, ನಮ್ಮಣ್ಣ ಸಮುದ್ರದವನು, ಅವನಿಗೆ ಏನೂ ಆಗುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದಳು.

ನಾನು ಇಲ್ಲದಿದ್ದರೆ ಮೇಲೆ ಅವಳಿಗೆ ಗಂಜಿ ಕೊಡುವವರು ಯಾರು ಎಂದು ಸುಳ್ಳು ಹೇಳಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದು ನಿಜವಲ್ಲ. ಬಸ್ಸಿನಲ್ಲಿ ಟಿಕೆಟು ಹರಿಯುವ ತಂಗಿ ಗಟ್ಟಿಯಾಗಿ ನಿಂತ ಜಾಗದಲ್ಲಿ ನಾನು ಮಲಗಿದೆ ಎನ್ನಲು ನನಗೆ ಆಗಲಿಲ್ಲ. ಅಷ್ಟೇ ವಿಷಯ.

ಮರುದಿನ ಗಾಡಿ ಮೇಲೇರುತ್ತಾ ಹೋದ ಹಾಗೆ ನನ್ನ ತಲೆ ಒಡೆಯುವ ಹಾಗಾಯಿತು. ಮೇಲಿನ ಹಳ್ಳಿಯಲ್ಲಿ ಒಂದು ಡೇರೆ, ಚಹಾ, ಡಾಕ್ಟರು. ಅಲ್ಲಿ ಒಂದು ಕಮಾನು ಕಟ್ಟಿದ್ದರು. ಹೇಳಿದ ಸಮಯದೊಳಗೆ ಕಮಾನು ದಾಟಿ ತಿರುಗಿದವರಿಗೆ ಮಾತ್ರ ಇಳಿಯುವ ಓಟ. ಆಮೇಲೆ ಬಂದವರನ್ನು ಗಾಡಿಯಲ್ಲಿ ಕೂರಿಸುತ್ತಾರೆ. ನಾನು ಗಂಜಿಯ ಥರ್ಮಾಸು ಹಿಡಿದುಕೊಂಡು ಕಲ್ಲಿನ ಮೇಲೆ ಕೂತು ಕೆಳಗೆ ನೋಡಿದೆ.

ಅವಳು ಬರುವುದನ್ನು ನಾನು ಬಹಳ ಹೊತ್ತು ನೋಡಿದೆ. ರಸ್ತೆ ಹಾವಿನ ಹಾಗೆ ಸುತ್ತುತ್ತಾ ಹತ್ತುತ್ತಿತ್ತು. ಸಣ್ಣ ಸಣ್ಣ ಜನ. ಕೆಲವರು ನಡೆಯುತ್ತಿದ್ದರು, ಕೆಲವರು ಮೊಣಕಾಲಿಗೆ ಕೈ ಊರಿ ನಿಂತಿದ್ದರು. ಅವರ ನಡುವೆ ಒಬ್ಬಳು ನಿಲ್ಲದೆ ಬರುತ್ತಿದ್ದಳು. ಅಷ್ಟು ದೂರದಿಂದಲೂ ಮೊಣಕೈ ನೋಡಿ ಗುರುತು ಸಿಕ್ಕಿತು. ಪ್ರತಿ ತಿರುವಿನಲ್ಲಿ ಒಬ್ಬಿಬ್ಬರನ್ನು ಹಿಂದೆ ಹಾಕುತ್ತಿದ್ದಳು, ಗತಿ ಹೆಚ್ಚಿಸಿ ಅಲ್ಲ, ಕಡಿಮೆ ಮಾಡದೆ. ಹಿಂದೆ ಹಳದಿ ಮರಗಳ ಸಾಲು, ಅದರ ಕೆಳಗೆ ಹೊಳೆ. ದೇವಿಮನೆ ಘಟ್ಟವನ್ನು ಇಷ್ಟು ವರ್ಷ ಇನ್ನೊಬ್ಬರ ಚಕ್ರದ ಮೇಲೆ ಹತ್ತಿದವಳು ಈಗ ತನ್ನ ಕಾಲಿನಲ್ಲೇ ಆಕಾಶದ ಹತ್ತಿರ ಬರುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ತಲೆನೋವಿಗೆ ಅಲ್ಲ.

ಆಮೇಲೆ ಎದ್ದು ನಿಂತೆ. ಡೇರೆಯ ಹಿಂದೆ ಹೋಗಿ ವಾಂತಿ ಮಾಡಿ ಅಲ್ಲೇ ಕುಸಿದು ಕೂತೆ.

ಅವಳು ಸಮಯ ಬೇಕಾದಷ್ಟು ಇರುವಾಗಲೇ ಮುಟ್ಟಿದಳು. ನನ್ನನ್ನು ಹುಡುಕಿಕೊಂಡು ಹಿಂದೆ ಬಂದಳು. ನಾನು ಥರ್ಮಾಸು ಎತ್ತಿ ಹಿಡಿದೆ.

"ಎಂತಾತು?"

"ಎಂತದೂ ಇಲ್ಲ, ಚಳಿ. ಗಂಜಿ ಕುಡಿದು ಹೋಗು."

"ಎದ್ದು ನಿಲ್ಲು ನೋಡ್ವಾ."

"ನೀ ಹೋಗು ಅಂದೆ ಅಲ್ದಾ? ಹೊತ್ತಾಗ್ತದೆ."

"ಹೋಲ್ಡಾನ್" ಎಂದಳು. ಬಸ್ಸು ನಿಲ್ಲಿಸುವ ಅದೇ ದನಿ. "ಘಟ್ಟದಲ್ಲಿ ಯಾವ ತಿರುವಿಗೆ ಯಾರು ಕಾರ್ಕಂತಾರೆ ಅಂತ ಮುಖ ನೋಡಿ ಹೇಳ್ತೆ ನಾನು. ಮೊದಲೇ ಪ್ಲಾಸ್ಟಿಕ್ ಕೊಟ್ಟೆ ಕೊಡ್ತೆ. ನನ್ನ ಹತ್ರ ಸುಳ್ಳು ಹೇಳ್ತ್ಯಾ? ಯಾವಾಗಿಂದ?"

ನಾನು ಥರ್ಮಾಸಿನ ಮುಚ್ಚಳ ತಿರುಗಿಸುತ್ತಾ ಕೂತೆ. ಅವಳ ಕಣ್ಣು ಒಮ್ಮೆ ಅಗಲವಾಯಿತು.

"ಬಂದ ದಿನದಿಂದಾ ಅಣ್ಣಾ?"

ಡಾಕ್ಟರು ಬಂದು ನೋಡಿ, ಈಗಿಂದೀಗ ಕೆಳಗೆ ಇಳಿಸಬೇಕು, ಇಳಿದರೆ ಸರಿಹೋಗುತ್ತದೆ, ಇಲ್ಲೇ ಉಳಿದರೆ ಹೆಚ್ಚಾಗುತ್ತದೆ ಎಂದರು. ಜೀಪು ಇದೆ, ಕೆಳಗೆ ನೋಡಿಕೊಳ್ಳುವವರು ಇದ್ದಾರೆ, ನೀವು ಓಟ ಮುಗಿಸಿ ಬನ್ನಿ ಎಂದು ತಂಗಿಗೆ ಸ್ಪಷ್ಟವಾಗಿ ಹೇಳಿದರು. ನನ್ನನ್ನು ಇಬ್ಬರು ಎತ್ತಿ ಜೀಪಿನಲ್ಲಿ ಕೂರಿಸಿದರು. ಕಮಾನು ಇನ್ನೂ ತೆರೆದಿತ್ತು. ಅವಳು ಓಡಿದ್ದರೆ ಓಟ ಮುಗಿಸುತ್ತಿದ್ದಳು. ಅದರಲ್ಲಿ ಅನುಮಾನವೇ ಇಲ್ಲ. ಉಳಿದದ್ದು ಇಳಿಜಾರು.

ನಾನು ಬಾಯಲ್ಲಿ "ನೀ ಹೋಗು" ಎಂದೆ. ಆದರೆ ನನ್ನ ಕೈ ಅವಳ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಆ ಜೀಪಿನಲ್ಲಿ, ಭಾಷೆ ಬಾರದವರ ನಡುವೆ, ಒಬ್ಬನೇ ಸತ್ತುಹೋಗುತ್ತೇನೆ ಎಂಬ ಹೆದರಿಕೆ ನನಗೆ. ಹಗ್ಗ ಎಳೆದು ಗಟ್ಟಿಯಾದ ಬೆರಳು. ನಾನು ಬಿಡಬಹುದಿತ್ತು, ಬಿಡಲಿಲ್ಲ. ಅವಳು ನನ್ನ ಕೈಯನ್ನು ಒಮ್ಮೆ ನೋಡಿದಳು. ಕಮಾನಿನ ಆಚೆ ಇಳಿಯುತ್ತಿದ್ದವರನ್ನು ಒಮ್ಮೆ ನೋಡಿದಳು. ಆಮೇಲೆ ಎದೆಯ ಮೇಲಿನ ನಂಬರಿನ ಚೀಟಿಯನ್ನು ಪಿನ್ನು ತೆಗೆದು ಮಡಚಿ ಕಿಸೆಗೆ ಹಾಕಿಕೊಂಡು ಜೀಪು ಹತ್ತಿದಳು.

ಇಳಿಯುವ ದಾರಿಯಲ್ಲಿ ಇನ್ನೂ ಹತ್ತುತ್ತಿದ್ದವರೂ, ಇಳಿಯುತ್ತಿದ್ದವರೂ ಸಿಕ್ಕರು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕಿಟಕಿಯಿಂದ ಕೈ ಹೊರಹಾಕಿ ಜೀಪಿನ ತಗಡನ್ನು ಎರಡು ಸಲ ಬಡಿದು "ರೈಟ್! ರೈಟ್!" ಎಂದು ಒಬ್ಬೊಬ್ಬರಿಗೂ ಕೂಗಿದಳು. ಅರ್ಥವಾಗದಿದ್ದರೂ ಅವರು ನಕ್ಕು ಕೈ ಎತ್ತಿದರು. ಒಂದು ಕೈ ಕಿಟಕಿಯ ಹೊರಗೆ, ಇನ್ನೊಂದು ಕೈ ನನ್ನ ಹಿಡಿತದಲ್ಲಿ. ಇಂಥ ಮನುಷ್ಯರನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಕೆಳಗಿನ ಹಳ್ಳಿ ಹತ್ತಿರವಾದ ಹಾಗೆ ನನ್ನ ತಲೆನೋವು ಇಳಿಯಿತು. ಸ್ವಲ್ಪ ಹೊತ್ತಿನಲ್ಲಿ ಚಹಾ ಕುಡಿಯುವಷ್ಟು ಆದೆ. ಸಾಯುತ್ತೇನೆ ಎಂದು ಹಿಡಿದ ಕೈಯಲ್ಲೇ ಬಿಸ್ಕೀಟು ಹಿಡಿದಿದ್ದೆ. ನಮ್ಮ ಎದುರಿಗೇ ಒಬ್ಬೊಬ್ಬರಾಗಿ ಓಟ ಮುಗಿಸಿ ಬರುತ್ತಿದ್ದರು. ಅವಳು ಎಲ್ಲರಿಗೂ ಚಪ್ಪಾಳೆ ತಟ್ಟಿದಳು.

ಆಯಿಯ ಫೋನು ಬಂದಾಗ ನಾನು ಎತ್ತದೆ ತಂಗಿಯ ಕೈಗೆ ಕೊಟ್ಟೆ. ತಂಗಿ ನನ್ನ ಮುಖ ನೋಡುತ್ತಾ, "ಇಲ್ಲ ಆಯಿ, ಪೂರ್ತಿ ಆಗ್ಲಿಲ್ಲ. ಬಲಗಾಲು ಹಿಡ್ದುಬಿಡ್ತು. ಅಣ್ಣನೇ ಕರ್ಕಂಡ್ ಬಂದ" ಎಂದಳು. ಫೋನು ಇಟ್ಟು, "ಕಾರ್ಕಂಡೆ ಅಂತ ಗೊತ್ತಾದ್ರೆ ದೋಣಿಯವರು ನಿನ್ನ ಬದುಕುಕೆ ಬಿಡ್ತಾರಾ? ನಂಗೆ ಎಂತ, ಕಾಲು ತಾನೆ" ಎಂದಳು. ಬೇಡ ಎನ್ನಲು ನನಗೆ ಬೇಕಾದಷ್ಟು ಸಮಯ ಇತ್ತು. ರೈಲಿನಲ್ಲೇ ಎರಡು ದಿನ ಇತ್ತು.

ಊರಿನಲ್ಲಿ ಅವಳಿಗೆ "ಹಾಫ್ ಟಿಕೆಟ್" ಎಂದು ಹೆಸರು ಬಿತ್ತು. ಅರ್ಧ ದಾರಿಗೆ ಹೋಗಿ ಬಂದವಳು ಎಂದು. ಅವಳ ಜೊತೆಯ ಡ್ರೈವರುಗಳು ಪ್ರೀತಿಯಿಂದಲೇ ಕರೆದಿರಬಹುದು. ಆದರೆ ಅವಳ ಬಸ್ಸು ಹತ್ತಿದವರೂ "ಫುಲ್ ಕೊಡು ಮಾರಾಯ್ತಿ, ಹಾಫ್ ಕೊಡ್ಬ್ಯಾಡ" ಎಂದು ನಗುತ್ತಿದ್ದರಂತೆ. ಅವಳು ಟಿಕೆಟು ಕೊಟ್ಟು ಮುಂದೆ ಹೋಗುವಳು. ನಮ್ಮ ದೋಣಿಯಲ್ಲಿಯೂ ತಾಂಡೇಲ, "ನಿನ್ನ ಹಾಫ್ ಟಿಕೆಟ್ ಹೇಗದೆ? ಹೊತ್ಕಂಡ್ ಬಂದ್ಯಂತಲ್ಲ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂದು ಸಲ ಅಲ್ಲ, ಅವರು ನಕ್ಕಾಗೆಲ್ಲ ನಕ್ಕೆ. ಆಮೇಲೆ ಮನೆಗೆ ಬಂದರೆ ಆಯಿ ಎಣ್ಣೆ ತಿಕ್ಕುತ್ತಾ ಕೂತಿರುತ್ತಿದ್ದಳು.

ಈ ವರ್ಷ ಮಳೆ ಹಿಡಿದ ಮೇಲೆ ಒಂದು ಸಂಜೆ ತಂಗಿ, "ಆಯಿ, ನಾ ಮತ್ತೆ ಹೋಗ್ತೆ" ಎಂದಳು.

ಆಯಿ ತಟ್ಟನೆ ಹೇಳಿದಳು, "ಆ ಕಾಲು ಇಟ್ಕಂಡಾ? ಸುಮ್ನಿರು. ಈ ಸಲ ಅಲ್ಲೇ ಬಿದ್ರೆ? ನಾ ಇರೋವರೆಗೆ ಬಿಡುದಿಲ್ಲ."

ತಂಗಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಎದ್ದು ಅಡಿಗೆಮನೆಗೆ ಹೋದಳು. ನನ್ನನ್ನು ಕಾಯಲು ಅವಳು ಹೇಳಿದ ಸುಳ್ಳು ಈಗ ಅವಳ ದಾರಿಗೇ ಅಡ್ಡ ಕೂತಿತ್ತು. ಅದನ್ನು ಎತ್ತಿ ಬದಿಗಿಡಬೇಕಾದವನು ನಾನು. ಆದರೂ ಮರುದಿನ ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ಅವಳು ಮಾತ್ರ ಎಂದಿನಂತೆ, "ಅಣ್ಣಾ, ನಾಳೆ ಇಳಿತ ಯಾವಾಗ?" ಎಂದು ಕೇಳಿ, ಮಳೆಯಲ್ಲೇ ಓಡಿ ಬರುತ್ತಿದ್ದಳು. ಹೋಗಲು ಬಿಡುವುದಿಲ್ಲ ಎಂದು ಗೊತ್ತಿದ್ದೂ ಓಡುತ್ತಿದ್ದಳು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿ ಮತ್ತೆ ನೀರಿಗಿಳಿಯಿತು. ಒಂದು ಬೆಳಿಗ್ಗೆ ಬಲೆ ಎಳೆದು ಮುಗಿಸಿ ಎಲ್ಲರೂ ಗಂಜಿಗೆ ಕೂತಿದ್ದೆವು. ತಾಂಡೇಲ, "ಏ, ನಿನ್ನ ಹಾಫ್ ಟಿಕೆಟ್ ಮಳೇಲೂ ಓಡ್ತದಂತಲ್ಲೋ" ಎಂದ. ನಗು ಏಳುವ ಮೊದಲೇ ನಾನು ಹೇಳಿದೆ, "ಅವಳ ಕಾಲಿಗೆ ಎಂತದೂ ಆಗ್ಲಿಲ್ಲ. ತಲೆ ತಿರುಗಿದ್ದು ನಂಗೆ. ಕಾರ್ಕಂಡಿದ್ದು ನಾನು. ನನ್ನ ಜೀಪಲ್ಲಿ ಇಳಿಸುಕೆ ಅಂತ ಅವಳು ಓಟ ಬಿಟ್ಟಳು. ಪೂರ್ತಿ ಮುಗ್ಸುಕೆ ತಯಾರಿದ್ದ ಹೆಣ್ಣು ಅದು, ನಾ ಕೈ ಹಿಡ್ಕಂಡು ಬಿಡ್ಲಿಲ್ಲ."

ಎಲ್ಲರೂ ತಟ್ಟೆಯಿಂದ ತಲೆ ಎತ್ತಿದರು. ಆಮೇಲೆ ಯಾರೋ, "ಎಷ್ಟು ಸಲ ಕಾರ್ದೆ?" ಎಂದ. ದೋಣಿ ಅಲುಗುವ ಹಾಗೆ ನಕ್ಕರು. ತಾಂಡೇಲ ಮಾತ್ರ ನಗಲಿಲ್ಲ. ತಟ್ಟೆ ತೊಳೆಯುತ್ತಾ ನಿಧಾನಕ್ಕೆ ಕೇಳಿದ, "ಮತ್ತೆ ವರ್ಷ ಪೂರಾ ನಮ್ಮ ಸಂಗ್ತಿಗೆ ನೀನೂ ನಗ್ತಿದ್ಯಲ್ಲೋ ತಮಾ?"

ನಾನು ನನ್ನ ತಟ್ಟೆ ಎತ್ತಿಕೊಂಡು ಎದ್ದೆ. ದೋಣಿಯಲ್ಲಿ ಈಗ ನನ್ನ ಹೆಸರು "ಜೀಪು".

ಅಂದು ಸಂಜೆಯೇ ಆಯಿಗೂ ಹೇಳಿದೆ. ತಂಗಿ ಡ್ಯೂಟಿ ಮುಗಿಸಿ ಬಂದಿದ್ದಳು. ಆಯಿ ಪೂರ್ತಿ ಕೇಳಿ, ಮೂಲೆಯಲ್ಲಿದ್ದ ಎಣ್ಣೆಯ ಬಟ್ಟಲು ನೋಡಿದಳು.

"ಹಂಗಾರೆ ನಾ ಇಷ್ಟು ದಿನ ತಿಕ್ಕಿದ್ದು ಎಂತಕ್ಕೆ? ಇವನ ತಲೆಗಾದ್ರೂ ತಿಕ್ಕಿದ್ರೆ ಬುದ್ಧಿ ಬತ್ತಿತ್ತು!" ಎಂದು ನನಗೆ ಬೈದು, ತಂಗಿಯ ಕಡೆ ತಿರುಗಿದಳು. "ನೀನೂ ಕಳ್ಳಿ! 'ಅಲ್ಲೇ ಸ್ವಲ್ಪ, ಅಲ್ಲೇ ಸ್ವಲ್ಪ' ಅಂತಿದ್ಯಲ್ಲೇ!"

"ದಿನವಿಡೀ ನಿಂತ ಕಾಲು ಆಯಿ. ಹಿತ ಆಗ್ತಿತ್ತು" ಎಂದಳು ತಂಗಿ.

ಆಯಿ ಎಣ್ಣೆಯ ಬಟ್ಟಲು ಎತ್ತಿ ಒಳಗಿಟ್ಟಳು. ಊಟಕ್ಕೆ ಬಡಿಸುವಾಗ ತಂಗಿಯ ತಟ್ಟೆಗೆ ದೊಡ್ಡ ಬಂಗಡೆ ಹಾಕಿ, "ಹೋಗಿ ಮುಗ್ಸಿ ಬಾ" ಎಂದಳು. ನನಗೆ, "ನೀನೂ ಹೋಗು. ಮೇಲೆ ಹತ್ತಿದ್ರೆ ಮಾತ್ರ ಇಲ್ಲಿಗೆ ಬರ್ಬ್ಯಾಡ" ಎಂದಳು.

ಈ ಸಲವೂ ಮರಗಳು ಹಳದಿಯಾಗಿದ್ದವು. ಈ ಸಲವೂ ನನಗೆ ತಲೆನೋವು ಬಂತು. ತಪಾಸಣೆಯ ಡೇರೆಯಲ್ಲಿ ತಲೆನೋವು ಇದೆಯಾ ಎಂದು ಕೇಳಿದರು. ನಾಲಿಗೆ ಹಳೆಯ ಅಭ್ಯಾಸದಿಂದ ಇಲ್ಲ ಎನ್ನಲು ಹೊರಟಿತ್ತು. "ಇದೆ" ಎಂದೆ. ವಾಂತಿ? ಆಗಿದೆ. ನಿದ್ದೆ? ಇಲ್ಲ. ಡಾಕ್ಟರು ಗುಳಿಗೆ ಕೊಟ್ಟು, ಮೇಲೆ ಹೋಗಬಾರದು, ಹೆಚ್ಚಾದರೆ ತಕ್ಷಣ ಹೇಳಬೇಕು ಎಂದರು. ತಂಗಿ ಗಂಜಿಯ ಬಾಟ್ಲಿಯನ್ನು ತನ್ನ ಸೊಂಟಕ್ಕೇ ಕಟ್ಟಿಕೊಂಡಳು.

ಬೆಳಿಗ್ಗೆ ಹೊರಡುವ ಗೆರೆಯ ಹತ್ತಿರ ಅವಳ ಪಕ್ಕದಲ್ಲಿ ನಿಂತಿದ್ದೆ. ಅವಳು ಕೈ ಚಾಚಿದಳು. ನಾನು ಹಿಡಿದು, ಕೂಡಲೇ ಬಿಟ್ಟೆ. "ರೈಟ್" ಎಂದೆ. ಅವಳು ನಕ್ಕು ಹೋದಳು.

ಅವಳು ಮೇಲೆ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಮುಗಿಯುವ ಗೆರೆಯ ಹತ್ತಿರ ಮರದ ಕೆಳಗೆ ಕೂತು ರಸ್ತೆಯ ಕೊನೆಯ ತಿರುವನ್ನು ನೋಡುತ್ತಿದ್ದೆ. ಗಾಳಿಗೆ ಎಲೆಗಳು ಉದುರಿ ರಸ್ತೆ ಅಂಚಿಗೆಲ್ಲ ಹಳದಿ ಸಾಲು ಬಿದ್ದಿತ್ತು. ಬಹಳ ಜನ ಬಂದರು. ವಯಸ್ಸಾದವರು ಬಂದರು, ಕೈ ಕೈ ಹಿಡಿದುಕೊಂಡು ಬಂದವರೂ ಇದ್ದರು. ಬಿಸಿಲು ಇಳಿಯತೊಡಗಿದಾಗ ತಿರುವಿನಲ್ಲಿ ಮೊಣಕೈ ಕಾಣಿಸಿತು. ಅಗಲಗಾಲು. ಹೊರಟಾಗಿನ ಅದೇ ಗತಿ. ಗೆರೆ ದಾಟಿ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಳು. ಮುಖವೆಲ್ಲ ಉಪ್ಪು. ನಾನು ಓಡಿಹೋದೆ.

"ಕಾರ್ಕಂಡ್ಯಾ?" ಎಂದು ಅವಳೇ ಮೊದಲು ಕೇಳಿದಳು.

"ಎರಡು ಸಲ."

"ಡಾಕ್ಟರಿಗೆ ಹೇಳಿದ್ಯಾ?"

"ಹೇಳ್ದೆ."

"ಆತು" ಎಂದು ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದಳು. ಫೋನು ಹಚ್ಚಿ ಅವಳ ಕಿವಿಗೆ ಹಿಡಿದೆ. ಆಯಿ ಕೂಗಿ ಮಾತಾಡುತ್ತಿದ್ದದ್ದು ನನಗೂ ಕೇಳಿಸಿತು. ಮುಗಿಸಿದ್ಯಾ ಎಂದು ಕೇಳಿ, ಅತ್ತು, ಕಡೆಗೆ ಕಾಲು ಹೇಗಿದೆ ಎಂದು ಕೇಳಿದಳು.

ತಂಗಿ ತನ್ನ ಬಲಗಾಲಿನ ಮೀನಖಂಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಈಗ ಖರೇ ನೋಯ್ತದೆ ಆಯಿ. ಎಣ್ಣೆ ಕಾಯ್ಸಿಡು" ಎಂದಳು.